ಕೊನೆಯ ಚೌಕದಲ್ಲಿ ಇಬ್ಬರು ಹೆಂಗಸರು

ನನಗೆ ಗಂಡಸರ ಪ್ಯಾಂಟು ಬಿಡಿಸಲು ಇವತ್ತಿಗೂ ಬರುವುದಿಲ್ಲ. ನಾನು ಬಿಡಿಸಿದ ನಾಯಕನ ಕಾಲುಗಳು ಸುತ್ತಿಟ್ಟ ಎರಡು ಚಾಪೆಗಳ ಹಾಗೆ ನಿಂತಿರುತ್ತಿದ್ದವು. ಅಂಥ ನಾನು ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ವಾರಪತ್ರಿಕೆಯೊಂದಕ್ಕೆ ಪ್ರೇಮದ ಚಿತ್ರಕಥೆ ಬಿಡಿಸಿಕೊಡುತ್ತಿದ್ದೆ ಎಂದರೆ ನಗಬೇಡಿ. ನಾಯಕನ ಮೇಲೆ ನನಗೆ ಅಂಥ ಆಸಕ್ತಿಯೂ ಇರಲಿಲ್ಲ.

ಚಿತ್ರಕಥೆಯ ಹುಚ್ಚು ಹತ್ತಿದ್ದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ. ಅಪ್ಪನ ಪಾತ್ರೆ ಅಂಗಡಿಗೆ ಅಂಟಿಕೊಂಡೇ ಒಂದು ರದ್ದಿ ಅಂಗಡಿ ಇತ್ತು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಹಾಗಾಗಿ ಶಾಲೆ ಬಿಟ್ಟ ಮೇಲೆ ನನಗೆ ಮನೆಗಿಂತ ಆ ರದ್ದಿ ಅಂಗಡಿಯೇ ವಾಸಿ ಎನಿಸುತ್ತಿತ್ತು. ಮದ್ರಾಸಿನಿಂದ ಮೂಟೆಗಟ್ಟಲೆ ಬರುವ ಹಳೆಯ ಕಾಗದದಲ್ಲಿ ಇಂಗ್ಲಿಷಿನ ಪ್ರೇಮದ ಕಾಮಿಕ್ಸುಗಳು ಸಿಗುತ್ತಿದ್ದವು, ಜೊತೆಗೆ ತೆಲುಗು ವಾರಪತ್ರಿಕೆಗಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಚಿತ್ರ ನೋಡಿಯೇ ಕಥೆ ಹೊಂದಿಸಿಕೊಳ್ಳುತ್ತಿದ್ದೆ.

ಎಲ್ಲದರಲ್ಲೂ ಅದೇ ಹಾಡು. ನಾಯಕಿ ಮಂಚದ ಮೇಲೆ ಬಿದ್ದು ಅಳುತ್ತಾಳೆ. ಗೆಳತಿ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಾಳೆ, ಕಣ್ಣೊರೆಸುತ್ತಾಳೆ. ಕೊನೆಯ ಪುಟದಲ್ಲಿ ನಾಯಕ ಬಂದು ಮುತ್ತಿಡುವ ಹೊತ್ತಿಗೆ ಗೆಳತಿ ನಾಪತ್ತೆ. ಇಲ್ಲವೇ ಅದೇ ಗೆಳತಿ ನಾಯಕನನ್ನು ಹಾರಿಸಿಕೊಂಡು ಹೋಗಲು ಹೊಂಚು ಹಾಕುತ್ತಿರುತ್ತಾಳೆ. ಹೆಂಗಸಿಗೆ ಹೆಂಗಸು ಒಂದೋ ಕಣ್ಣೊರೆಸುವ ಕರವಸ್ತ್ರ, ಇಲ್ಲವೇ ಸವತಿ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆನ್ನು ಸವರುವ ಆ ಕೈಯನ್ನು ಚಿತ್ರಕಾರ ನಾಯಕನ ಮುಖಕ್ಕಿಂತ ಚೆನ್ನಾಗಿ ಬಿಡಿಸಿರುತ್ತಿದ್ದ. ಅಷ್ಟು ಚೆಂದದ ಕೈಯನ್ನು ಕಥೆ ದಾರಿಯಲ್ಲೇ ಬಿಟ್ಟು ಹೋಗುವುದು ಯಾವ ನ್ಯಾಯ?

ಮುಂದೆ ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರ್ ಆದೆ. ಅಲ್ಲಿನ ಹೊಲಿಗೆ ಟೀಚರ್ ಕುರುಗೋಡಿನವಳು. ಎಡಗೈಯಲ್ಲಿ ಹೊಲಿಯುವವಳು, ಕುಬಸದ ಭುಜಕ್ಕೆ ಯಾವಾಗಲೂ ಒಂದು ಸೂಜಿ ಚುಚ್ಚಿಕೊಂಡಿರುವವಳು. ಇಬ್ಬರೂ ಸೇರಿ ಎರಡು ಕೋಣೆಯ ಮನೆ ಹಿಡಿದೆವು. ಮೊದಮೊದಲು ಬಾಡಿಗೆ ಹಗುರಾಗಲಿ ಎಂದು ಜೊತೆಗಿದ್ದೆವು. ಆಮೇಲೆ ಅವಳು ಊರಿಗೆ ಹೋದ ದಿನ ನನಗೆ ಅನ್ನ ಸೇರದಾಯಿತು. ಅದನ್ನು ಸ್ನೇಹ ಎಂದವರಿಗೆ ನಾನು ಎದುರಾಡಲಿಲ್ಲ. ಆದರೆ ಅದು ಪ್ರೀತಿ. ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಒಂದು ಭಾನುವಾರ, ಕಾಲು ನೀರಿಗೆ ಬಿಟ್ಟು ಕೂತು, ಇನ್ನು ಬೇರೆ ಬೇರೆ ಮನೆ ಮಾಡುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟುಕೊಂಡೆವು.

ಪತ್ರಿಕೆಯ ಸಂಪಾದಕರು ಅಪ್ಪನ ಅಂಗಡಿಯ ಗಿರಾಕಿ. ನನ್ನ ಚಿತ್ರ ನೋಡಿ ವಾರಕ್ಕೊಂದು ಪುಟ ಕೇಳಿದರು. ಅವರ ಕರಾರು ಒಂದೇ: "ಲವ್ ಇರ್ಬೇಕು, ಕಡೀಕ ತಾಳಿ ಇರ್ಬೇಕು." ಒಪ್ಪಿ ಬಂದೆ. ಆದರೆ ಮುತ್ತಿನ ಚಿತ್ರ ಬಿಡಿಸಲು ಕೂತರೆ ಕೈ ಓಡಲಿಲ್ಲ. ರದ್ದಿ ಅಂಗಡಿಯ ಆ ಮುತ್ತುಗಳೇ ಕಣ್ಣ ಮುಂದೆ ಬರುತ್ತಿದ್ದವು.

ಹಾಗಿರುವಾಗ ಒಂದು ಸಂಜೆ ಶಾಲೆಯಿಂದ ಬರುವಾಗ ಸುಂಟರಗಾಳಿ ಎದ್ದು ನನ್ನ ಕಣ್ಣಿಗೆ ಧೂಳು ಬಿತ್ತು. ಅವಳು ಬಸ್‌ಸ್ಟ್ಯಾಂಡಿನ ಗೋಡೆಯ ಮರೆಗೆ ಎಳೆದುಕೊಂಡು ಹೋಗಿ, ಸೆರಗಿನ ತುದಿಯನ್ನು ಉಂಡೆ ಮಾಡಿ, ಬಿಸಿ ಉಸಿರು ಊದಿ ಕಣ್ಣಿಗೆ ಒತ್ತಿದಳು. ಮತ್ತೆ ಊದಿದಳು, ಮತ್ತೆ ಒತ್ತಿದಳು. ಕಣ್ಣಿನ ಉರಿ ಇಳಿದ ಮೇಲೂ ನಾನು ಕಣ್ಣು ತೆರೆಯಲಿಲ್ಲ.

"ಲೇ, ಧೂಳು ಹೋಗಿ ಎಷ್ಟೊತ್ತಾತು," ಎಂದು ನಕ್ಕಳು. "ನಿನ್ನ ಕತಿಯಾಗ ಇದನ್ನ ಬಿಡಸು. ಆ ನಾಯಕನ ಮುತ್ತಿಗಿಂತ ಇದು ಚಲೋ ಐತಿ."

ಬಿಡಿಸಿದೆ. ಆಮೇಲೆ ಕೈ ನಿಲ್ಲಲಿಲ್ಲ. ಒಬ್ಬಳು ಇನ್ನೊಬ್ಬಳ ಜಡೆಯ ಸಿಕ್ಕು ಬಿಡಿಸುವುದು, ಅಂಗಾಲಿನ ಜಾಲಿಮುಳ್ಳು ತೆಗೆಯುವುದು, ಜ್ವರ ಬಂದವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುವುದು. ನಾಯಕಿಯ ಗೆಳತಿ ಎಡಗೈಯವಳಾದಳು, ಅವಳ ಭುಜದ ಮೇಲೆ ಸೂಜಿ ಬಂತು. ನಾಯಕ ಪಾಪ, ವಾರಕ್ಕೊಂದು ಚೌಕದಲ್ಲಿ ಬಂದು ಚಾಪೆಗಾಲಿನಲ್ಲಿ ನಿಂತು ಹೋಗುತ್ತಿದ್ದ. ಅವನು ಯಾಕೆ ಹೆಚ್ಚು ಬರುತ್ತಿಲ್ಲ ಎಂದು ಓದುವ ಯಾವ ಹೆಂಗಸೂ ಕೇಳಲಿಲ್ಲ. ನಮ್ಮ ಶಾಲೆಯ ಹುಡುಗಿಯರಂತೂ ಪುಟವನ್ನು ಕತ್ತರಿಸಿ ಪುಸ್ತಕಕ್ಕೆ ರಟ್ಟು ಹಾಕಿಕೊಳ್ಳುತ್ತಿದ್ದರು.

ಯುಗಾದಿಗೆ ಕುರುಗೋಡಿಗೆ ಹೋದವಳು ಸಪ್ಪೆ ಮುಖ ಹೊತ್ತು ತಿರುಗಿ ಬಂದಳು. ಅವರವ್ವ ಗಂಡ ಸತ್ತ ಮೇಲೆ ಒಬ್ಬಳೇ ದುಡಿದು ಮಗಳನ್ನು ಓದಿಸಿದವಳು. ಆಕೆ ಸಿರುಗುಪ್ಪದ ಕಡೆಯ ಕರೂರಿನ ಗಂಡು ಗೊತ್ತು ಮಾಡಿದ್ದಳು. ಕಾಲುವೆ ನೀರಿನ ಗದ್ದೆಯ ಮನೆತನ. ರಜೆಯಲ್ಲೇ ಮದುವೆ ಮುಗಿಸುವ ಮಾತು.

"ಒಲ್ಲೆ ಅಂತ ಹೇಳು," ಎಂದೆ.

"ಒಲ್ಲೆ ಅಂದ್ರ ಯಾಕ ಅಂತಾಳ. ಏನಂತ ಹೇಳ್ಲಿ? ಅವ್ವನ ಮುಂದ ನನಗ ಬಾಯೇ ಬರಂಗಿಲ್ಲ."

"ಹಂಗಾರ ನಾ ಬಿಡಸಿ ಹೇಳ್ತೀನಿ."

"ಅವ್ವಗ ಓದಾಕ ಬರಂಗಿಲ್ಲಲೇ!"

"ನೋಡಾಕ ಬರ್ತೈತಲ್ಲ."

ಮಗಳ ಜೊತೆಗಾತಿಯ ಚಿತ್ರ ಎಂಬ ಅಭಿಮಾನದಿಂದ ಆ ತಾಯಿ ಪ್ರತಿ ವಾರ ಪತ್ರಿಕೆ ತರಿಸಿ ನೋಡುತ್ತಿದ್ದಳು. ಕಥೆ ಮುಗಿಯುವ ವಾರ ಹತ್ತಿರ ಬಂದಿತ್ತು. ನಾನು ಕೊನೆಯ ಪುಟಕ್ಕೆ ಕೂತೆ. ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ. ಅವಳು ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಕುಬಸದ ಖಣ ಹಾಕಿ ಹರಸುತ್ತಾರೆ. ಕೊನೆಯ ಚೌಕದಲ್ಲಿ ಎಡಗೈಯ ಗೆಳತಿಯನ್ನು ಮಣೆಯ ಮೇಲೆ ಕೂರಿಸಿದೆ. ನಾಯಕಿ ತನ್ನ ಮನೆಯಲ್ಲಿ, ತನ್ನ ಕೈಯಾರೆ ಅವಳ ಉಡಿ ತುಂಬುತ್ತಿದ್ದಾಳೆ. ಒಂದು ಅಕ್ಷರವನ್ನೂ ಬರೆಯಲಿಲ್ಲ. ಕುರುಗೋಡಿನಲ್ಲಿರುವ ಒಬ್ಬಳಿಗಾಗಿ ಬಿಡಿಸಿದ ಚಿತ್ರ ಅದು.

ಚಿತ್ರವನ್ನು ಲೋಹದ ತಗಡಿನ ಮೇಲೆ ಕೊರೆಸಿ, ಬ್ಲಾಕ್ ಮಾಡಿಸಿಯೇ ಅಚ್ಚಿಗೆ ಹಾಕಬೇಕಾದ ಕಾಲ. ಇನ್ನು ತಡಮಾಡಿದರೆ ಆಗದು ಎನ್ನುವ ಹೊತ್ತಿಗೆ ಸರಿಯಾಗಿ ಬಳ್ಳಾರಿಯ ಬಸ್ಸಿಳಿದು ಪ್ರೆಸ್ಸಿಗೆ ಹೋದೆ. ಬೇಕೆಂದೇ ಹಾಗೆ ಹೋದೆ. ಸಂಪಾದಕರು ಪುಟ ನೋಡಿ ಕನ್ನಡಕ ತೆಗೆದರು.

"ದೇವುಡಾ! ತಾಳಿ ಎಲ್ಲೈತ್ರಿ ಟೀಚರಮ್ಮ? ನಾಯಕ ಎಲ್ಲಿ ಹೋದ?"

"ಬಸ್ ತಪ್ಪೇತ್ರಿ ಅವನಿಗೆ."

"ಇಷ್ಟು ದಿನ ಓದಿದವ್ರು ನನ್ನ ಸುಮ್ನ ಬಿಡ್ತಾರೇನ್ರಿ?"

"ಬ್ಯಾಡಂದ್ರ ಪುಟ ಖಾಲಿ ಬಿಡ್ರಿ."

ಅವರು ಚಿತ್ರವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು. ಗೊಣಗುತ್ತಲೇ ಬ್ಲಾಕಿಗೆ ಕಳಿಸಿದರು. ನಾನು ಪ್ರೆಸ್ಸಿನ ಮೆಟ್ಟಿಲಿಳಿದು ಎದುರಿನ ಹೋಟೆಲಿನಲ್ಲಿ ಒಬ್ಬಳೇ ಕೂತು ಎರಡು ಪ್ಲೇಟು ಮಿರ್ಚಿ ಭಜಿ ತಿಂದೆ.

ಪತ್ರಿಕೆ ಬಂದ ಮೇಲಿನ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅವರವ್ವ. ಕೈಯಲ್ಲಿ ದೊಡ್ಡ ಗಂಟು, ಮುಖದಲ್ಲಿ ನಗೆಯಿಲ್ಲ. ಮಗಳನ್ನು ಕರೆದೊಯ್ಯಲು ಬಂದಿದ್ದಾಳೆ ಎಂದುಕೊಂಡೆ. ನನ್ನ ಮಿರ್ಚಿಯ ಜಂಬವೆಲ್ಲ ಇಳಿದು ಹೋಯಿತು. ಇವಳಂತೂ ಗೋಡೆಗೆ ಅಂಟಿಕೊಂಡು ನಿಂತಳು.

ಆಕೆ ನೀರು ಕುಡಿದು, ಕೋಣೆಯನ್ನೊಮ್ಮೆ ಸುತ್ತ ನೋಡಿ ಕೇಳಿದಳು: "ಮನ್ಯಾಗ ಮಣಿ ಐತೇನು?"

ಮಣೆ ತಂದಿಟ್ಟೆ. ಆಕೆ ಮಗಳನ್ನು ಕೈಹಿಡಿದು ಕೂರಿಸಿ ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿಣದ ಕೊಂಬು, ಹಸಿರು ಖಣ. ಇವಳು ಸೆರಗೊಡ್ಡಿದಳು. ಬೊಗಸೆ ಬೊಗಸೆಯಾಗಿ ಉಡಿ ತುಂಬಿದ ಮೇಲೆ ಆಕೆ ಹೇಳಿದಳು:

"ಕರೂರಿನವ್ರಿಗೆ ಹೇಳಿ ಕಳಿಸೀನಿ. ನನ್ನ ಮಗಳ ಉಡಿ ತುಂಬಿ ಕಳಿಸಿ ಆಗೇತಿ, ಇನ್ನ ಬ್ಯಾರೆ ಮನಿಗೆ ಕಳಸಾಕ ಬರಂಗಿಲ್ಲ ಅಂತ."

ಇವಳು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಕುಣಿಯಬೇಕು ಎನಿಸಿತು. ಅಷ್ಟರಲ್ಲಿ ಆಕೆ ಗಂಟಿನ ತಳದಿಂದ ಪತ್ರಿಕೆ ತೆಗೆದು ಕೊನೆಯ ಚೌಕದ ಮೇಲೆ ಬೆರಳಿಟ್ಟಳು.

"ಇಕಿ ನನ್ನ ಮಗಳು. ಎಡಗೈ ನೋಡಿನೇ ಗುರ್ತ ಹಿಡದೆ. ಮತ್ತ ಇಕಿ ನೀನು, ಹೌದಿಲ್ಲ? ಇಲ್ಲೇ ತಪ್ಪು ಮಾಡೀದಿ ನೋಡವ್ವ. ನಿನ್ನ ಉಡಿ ಖಾಲಿ ಬಿಟ್ಟೀದಿ."

ನಾನು ಚಿತ್ರ ನೋಡಿದೆ. ಹೌದು, ತುಂಬುವವಳ ಸೆರಗಿನಲ್ಲಿ ಏನೂ ಇರಲಿಲ್ಲ. ನನಗೆ ಅದು ಹೊಳೆದೇ ಇರಲಿಲ್ಲ. ತಾಯಿಯಿಲ್ಲದವಳ ಉಡಿ ತುಂಬುವವರು ಯಾರು? ಅಲ್ಲಿಯವರೆಗೆ ಯಾರೂ ತುಂಬಿರಲಿಲ್ಲ.

"ನೀ ಏಳಲೇ," ಎಂದು ಮಗಳನ್ನು ಎಬ್ಬಿಸಿದಳು. "ಬಾರವ್ವ, ನೀ ಕುಂದ್ರು."

ಗಂಟಿನಲ್ಲಿ ಇನ್ನೊಂದು ಖಣವಿತ್ತು, ಕೆಂಪನೆಯದು. ಕುರುಗೋಡಿನಿಂದಲೇ ಎಣಿಸಿಕೊಂಡು ಬಂದಿದ್ದಳು. ಮಡಿಲಿಗೆ ಅಕ್ಕಿಯ ಭಾರ ಬಿದ್ದಾಗ ನಾನು ಇವಳಿಗಿಂತ ಜೋರಾಗಿ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಆ ಅಕ್ಕಿಯಲ್ಲೇ ಪಾಯಸ ಮಾಡಿ ಮೂವರೂ ಉಂಡೆವು. ಮಧ್ಯಾಹ್ನದ ಬಸ್ಸಿಗೆ ಹೊರಟು ನಿಂತ ಆಕೆ ಬಾಗಿಲಲ್ಲಿ ತಿರುಗಿ, "ಪಂಚಮಿಗೆ ಇಬ್ಬರೂ ತವರಿಗೆ ಬರ್ರಿ, ಜೋಕಾಲಿ ಕಟ್ಟಸ್ತೀನಿ," ಎಂದಳು.

ಪಂಚಮಿಗೆ ಹೋದೆವು. ಬೇವಿನ ಮರದ ಜೋಕಾಲಿಯ ಮೇಲೆ ಇಬ್ಬರೂ ಎದುರುಬದುರು ನಿಂತು, ಓಣಿಯ ಹೆಂಗಸರೆಲ್ಲ ನೋಡುತ್ತಿರುವಂತೆ ಜೀಕಿದೆವು. ಕುರುಗೋಡಿನ ಗುಡ್ಡ ಕೆಳಗಿಳಿದು ಮೇಲೇರುತ್ತಿತ್ತು. ಕೆಳಗೆ ನಿಂತು ಅವ್ವ ಕೂಗುತ್ತಿದ್ದಳು: "ಮೆಲ್ಲಕ, ನನ್ನ ಮಕ್ಕಳ್ರ್ಯಾ, ಮೆಲ್ಲಕ!" ನಾವು ಇನ್ನಷ್ಟು ಜೋರಾಗಿ ಜೀಕಿದೆವು.