ಹಿತ್ತಾಳೆ ಉಂಗುರದ ಬಟ್ಟೆ

ದುಬೈನ ಅಲ್ ಬರ್ಷಾದ ಮಾಲ್‌ನಲ್ಲಿ ತಂಗಿ ಸುಮತಿ ನನ್ನನ್ನು ಒಂದು ಮಳಿಗೆಯ ಮುಂದೆ ನಿಲ್ಲಿಸಿದಳು. ಫಿಲಿಪೀನ್ಸಿನ ಗುಡ್ಡಗಾಡಿನ ಟಿಬೋಲಿ ಬುಡಕಟ್ಟಿನ ಹೆಂಗಸೊಬ್ಬಳು ನೆಲದ ಮೇಲೆ ಕುಳಿತು, ಬಾಳೆಯಂಥ ಗಿಡದ ನಾರುಗಳನ್ನು ಒಂದಕ್ಕೊಂದು ಗಂಟು ಹಾಕುತ್ತಿದ್ದಳು. ಹಿಂದೆ ಅದೇ ನಾರಿನಿಂದ ನೇಯ್ದ ಉದ್ದನೆಯ ಬಟ್ಟೆ ತೂಗುತ್ತಿತ್ತು. ಅದರ ಅಂಚಿಗೆ ಹಿತ್ತಾಳೆಯ ಉಂಗುರ ಕಟ್ಟಿತ್ತು.

"ಅದು ಯಾಕಂತೆ?" ಎಂದೆ. ತಂಗಿ ಇಂಗ್ಲಿಷಿನಲ್ಲಿ ಕೇಳಿ ತಿಳಿಸಿದಳು: "ಈ ಬಟ್ಟೆಗೆ ಕತ್ತರಿ ಹಾಕಿದ್ರೆ ಕಾಯಿಲೆ ಬರ್ತದಂತೆ ಅಕ್ಕ. ಮಾರುವಾಗ ದೈವ ಮುನಿಯಬಾರ್ದು ಅಂತ ಉಂಗುರ ಕಟ್ಟುವುದಂತೆ."

ಒಂದು ತಪ್ಪು ಒಪ್ಪಿಕೊಳ್ಳಬೇಕೆಂದೇ ನಾನು ತಂಗಿಯಿರುವ ದುಬೈಗೆ ವಿಮಾನ ಹತ್ತಿದ್ದೆ. ವಾರವಾದರೂ ಬಾಯಿ ಬಂದಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

"ನೀನು ಊರಿನ ಮಗ್ಗದಲ್ಲಿ ಅರೆಬರೆ ಬಿಟ್ಟು ಬಂದ ಸೀರೆ ಗೆದ್ದಲು ತಿಂದಿತು ಅಂತ ನಾನು ಹೇಳಿದ್ದು ಸುಳ್ಳು ಸುಮತಿ. ಫ್ರಿಜ್ ಇಡ್ಲಿಕ್ಕೆ ಜಾಗ ಬೇಕಿತ್ತು. ಮಗ್ಗ ತೆಗೀಲಿಕ್ಕೆ ನಾನೇ ಅದನ್ನು ಕತ್ತರಿಸಿದ್ದು."

ಅವಳು ತೂಗುತ್ತಿದ್ದ ಬಟ್ಟೆಯ ಉಂಗುರ ಮುಟ್ಟಿದಳು. "ನೇಯಲಿಕ್ಕೆ ಎಷ್ಟು ಮೊಳ ಬಾಕಿ ಇತ್ತು, ಗೊತ್ತುಂಟಾ? ಎರಡು."

"ಮಗ್ಗ ಅಟ್ಟದಲ್ಲಿ ಉಂಟು. ಸೀರೆ ನಾನೇ ನೇಯ್ದು ಕೊಡ್ತೇನೆ."

"ನೀನಾ? ನೂಲು ಸುತ್ತಲಿಕ್ಕೆ ಕರೆದರೆ ಓಡಿ ಹೋಗ್ತಿದ್ದವಳು!"

"ಕಲೀತೇನೆ."

ತಂಗಿ ನೆಲಕ್ಕೆ ಕುಳಿತು, ಆ ಹೆಂಗಸನ್ನು ಕೇಳಿ ಎರಡು ನಾರು ತೆಗೆದು ನನ್ನ ಕೈಗಿಟ್ಟಳು. "ಹಾಗಾದ್ರೆ ಯಲ್ಲಾ," ಎಂದಳು ಅರಬ್ಬಿಯಲ್ಲಿ, "ಶುರು ಮಾಡು. ಮೊದಲು ಗಂಟು ಹಾಕು."

ಮೂರು ಗಂಟು ಜಾರಿದವು. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾಲ್ಕನೆಯದನ್ನು ತಂಗಿ ಎರಡೂ ಕಡೆಯಿಂದ ಎಳೆದು ನೋಡಿದಳು; ಜಾರಲಿಲ್ಲ. ನನ್ನ ಮುಖ ನೋಡದೆಯೇ ಇನ್ನೊಂದು ನಾರು ಕೊಟ್ಟಳು.