ಬಾಕಿ ಉಳಿದ ನೆಟಿಕೆ

ಕೆಮ್ಮಿದರೆ, ಸೀನಿದರೆ, ಕೊನೆಗೆ ಜೋರಾಗಿ ನಕ್ಕರೂ ಹಿಂದಲೆ ಸಿಡಿದುಹೋಗುವ ಹಾಗೆ ನೋಯುತ್ತಿತ್ತು. ಅರವತ್ತರ ದಶಕದಲ್ಲಿ ನಾನು ಅಹಮದಾಬಾದಿನ ಬ್ಯಾಂಕಿನಲ್ಲಿದ್ದಾಗಿನ ಮಾತು. ಸಹೋದ್ಯೋಗಿ ರಮಣಭಾಯಿ, "ತಲೆಗೆ ಮಾಲೀಶ್ ಮಾಡಿಸಿ, ಎಲ್ಲ ಹೋಗುತ್ತೆ" ಎಂದು ನರೋಡಾ ಕಡೆಯ ಒಂದು ಕ್ಷೌರದಂಗಡಿಗೆ ಎಳೆದುಕೊಂಡು ಹೋದರು.

ಎಣ್ಣೆ ತಿಕ್ಕಿದ ಮೇಲೆ ಕ್ಷೌರಿಕ ಒಂದು ಕೈ ಗದ್ದಕ್ಕೆ, ಇನ್ನೊಂದು ನೆತ್ತಿಗೆ ಕೊಟ್ಟು ಕತ್ತನ್ನು ಬಲಕ್ಕೆ ತಿರುವಿ ನೆಟಿಕೆ ತೆಗೆದ. ಲಟಕ್ ಅಂತು. ಅಷ್ಟೇ, ನನ್ನ ಕೈಕಾಲು ನನ್ನವಾಗಿ ಉಳಿಯಲಿಲ್ಲ. ಕುರ್ಚಿಯ ಮೇಲಿದ್ದ ಬೆರಳುಗಳು ಕಣ್ಣಿಗೆ ಕಾಣುತ್ತಿವೆ, ಅಲ್ಲಾಡಿಸಲು ಆಗುತ್ತಿಲ್ಲ. ಕೂಗೋಣವೆಂದರೆ ನಾಲಗೆ ಹೊರಳದು. ಕನ್ನಡಿಯಲ್ಲಿ ಅವನ ಕೈ ಮತ್ತೆ ನನ್ನ ಗದ್ದಕ್ಕೆ ಬಂತು.

"ಈಗ ಎಡಗಡೆ, ಸಾಹೇಬ್."

ನನ್ನ ಮುಖ ನೋಡಿದ ರಮಣಭಾಯಿ ಹಾರಿ ಬಂದು ಅವನ ಕೈ ಹಿಡಿದರು. ಅವನಿಗೆ ಬೇಸರ. "ಒಂದೇ ಕಡೆ ತೆಗೆದು ಬಿಡಬಾರದು ಭಾಯಿ, ಕತ್ತು ವಾಲುತ್ತೆ!"

ಸ್ವಲ್ಪ ಹೊತ್ತಿಗೆ ಜೋಮು ಬಿಟ್ಟ ಹಾಗೆ ಕೈಕಾಲಿಗೆ ಜೀವ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತಲೆಬುರುಡೆ ಕತ್ತಿನ ಮೇಲೆ ಕೂರುವ ಜಾಗದಲ್ಲಿ ಮೂಳೆ ಹುಟ್ಟಿನಿಂದಲೇ ಒಳಸರಿದು ನರ ಒತ್ತುತ್ತಿದೆ ಎಂದರು. "ಎಡಗಡೆಯೂ ತಿರುವಿದ್ದರೆ..." ಅಂದವರು ನೀರು ಕುಡಿದರು.

ನನಗೆ ವರ್ಗವಾಗುವವರೆಗೂ ಆ ಕ್ಷೌರಿಕ ಬೀದಿಯಲ್ಲಿ ಕಂಡಾಗಲೆಲ್ಲ ಕೂಗುತ್ತಿದ್ದ: "ಸಾಹೇಬ್, ಒಂದು ಕಡೆ ಬಾಕಿ ಇದೆ!" ಜನ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಆದರೆ ನಾನು ನಗುವ ಹಾಗಿರಲಿಲ್ಲವಲ್ಲ.