ಅಪ್ಪನ ಸನ್ನೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ದಿನಾ ಸಂಜೆ ಒಂದು ಚೂರು ಕಾಗದ ಹೊರಬರುತ್ತಿತ್ತು. ಹುಟ್ಟಿನಿಂದಲೇ ಕಿವಿ ಕೇಳದ ಅಕ್ಕನ ಬಾಯಿಯ ಮುಂದೆ, ಉಸಿರು ತಾಗುವುದು ಅವಳಿಗೆ ಕಾಣಲೆಂದು, ಅದನ್ನು ಹಿಡಿದು ಅಪ್ಪ, “‘ಅಪ್ಪ’ ಅನ್ನವ್ವ” ಎನ್ನುತ್ತಿದ್ದ. ಅಕ್ಕ ತುಟಿ ಸೇರಿಸಿ ಊದುತ್ತಿದ್ದಳು. ಕಾಗದ ಹಾರುತ್ತಿತ್ತು, ಮಾತು ಬರುತ್ತಿರಲಿಲ್ಲ. ಸನ್ನೆಗೆ ಬಿಟ್ಟರೆ ಬಾಯಿ ಸೋಮಾರಿಯಾಗುತ್ತದೆ ಎಂದು ಯಾರೋ ಟೀಚರ್ ಹೇಳಿದ್ದರಂತೆ. ಅಷ್ಟೇ ಸಾಕಾಯಿತು, ಮನೆಯಲ್ಲಿ ಕೈಸನ್ನೆ ಬಂದ್. ಅಪ್ಪ ಇಲ್ಲದಾಗ ಮಾತ್ರ ಅಕ್ಕನೂ ನಾನೂ ಕೈಯಲ್ಲೇ ಹೊಟ್ಟೆ ತುಂಬಾ ಹರಟುತ್ತಿದ್ದೆವು. ಮೀಸೆ ತಿರುವಿದರೆ ‘ಅಪ್ಪ’ ಎಂದರ್ಥ.

ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದು ಜೋಗುಪಾಳ್ಯದ ಬಾಡಿಗೆ ಕೋಣೆಯಲ್ಲಿದ್ದವರು ನಾವು. ಅಪ್ಪನದು ಗಾರೆ ಕೆಲಸ. ಒಂದು ದಿನ ಅವ್ವನಿಗೆ ಜ್ವರ. ಅಪ್ಪನಿಗೆಂದು ರೊಟ್ಟಿ, ಪುಂಡಿಪಲ್ಯದ ಗಂಟು ಹಿಡಿದು ನಾವಿಬ್ಬರೇ ಇಂದಿರಾನಗರಕ್ಕೆ ನಡೆದೆವು. ಅಲ್ಲೊಂದು ಹಳೇ ಬಂಗಲೆ ಕೆಡವಿ ಮೂರು ಮಹಡಿ ಎಬ್ಬಿಸುತ್ತಿದ್ದರು. ಹಸಿ ಸಿಮೆಂಟಿನ ವಾಸನೆ, ಮಿಕ್ಸರಿನ ಗಡಗಡ ಸದ್ದು. ಆ ಗದ್ದಲದಲ್ಲಿ ಕೂಗಿದರೆ ಯಾರಿಗೆ ಕೇಳಬೇಕು? ಮೇಲೆ ನಿಂತಿದ್ದ ಅಪ್ಪ ಎರಡು ಬೆರಳೆತ್ತಿದ, ಕೆಳಗಿನಿಂದ ಎರಡು ಇಟ್ಟಿಗೆ ಹೋದವು. ಅಂಗೈ ತಿರುವಿದ, ಗಾರೆ ಕಲಸಿದರು. ಮುಷ್ಟಿ ಹಿಡಿದ, ಮಿಕ್ಸರ್ ನಿಂತಿತು, ಎಲ್ಲರೂ ನಿಂತರು.

ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಅಯ್ಯೋ, ಅವಳ ಮುಖ ನೋಡಬೇಕಿತ್ತು! ಅಪ್ಪನಿಗೆ ಸನ್ನೆ ಬರುತ್ತದೆ! ಗಂಟನ್ನು ನನ್ನ ಕೈಗೆ ತುರುಕಿ, ಮಧ್ಯಕ್ಕೆ ಓಡಿ, ಮೀಸೆ ತಿರುವಿ, ಹೊಟ್ಟೆ ತಟ್ಟಿ, ತುತ್ತು ತೋರಿಸಿದಳು. ಅಪ್ಪಾ, ಹಸಿವಾಯಿತಾ? ಊಟಕ್ಕೆ ಬಾ.

“ಏನ್ ಗುರು, ನಿನ್ ಮಗಳು ಮೂಗೀನಾ?” ಎಂದು ಮೇಸ್ತ್ರಿ ಕೂಗಿದ. ನಾಲ್ಕು ಜನ ನಕ್ಕರು.

ಅಪ್ಪ ದಡದಡ ಇಳಿದು ಬಂದವನೇ ಅಕ್ಕನ ಮಣಿಕಟ್ಟಿಗೆ ಬಾರಿಸಿದ. “ಕೈ ಇಳಸು! ಮಂದಿ ಮುಂದ ನನ್ನ ಮರ್ಯಾದಿ ಕಳೀತಿ ಏನು? ಬಾಯಿಲೆ ಅನ್ನು, ‘ಅಪ್ಪ’ ಅನ್ನು!”

ಅಕ್ಕ ತುಟಿ ಸೇರಿಸಿದಳು. ಬರೀ ಗಾಳಿ ಬಂತು.

“ನೀನೂ ಸನ್ನಿ ಮಾಡ್ತಿಯಲ್ಲಪ್ಪ” ಎಂದೆ ನಾನು.

“ಅದು ಕೆಲಸದ್ದು. ಸುಮ್ಮನಿರು.”

ಊಟ ಮುಟ್ಟದೆ ಮೇಲೆ ಹತ್ತಿದ. ಅಕ್ಕನಿಗೆ ಹೊಡೆದ ಕೈಯಲ್ಲೇ ಎರಡು ಬೆರಳೆತ್ತಿ ಇಟ್ಟಿಗೆ ಕೇಳಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಮುದ್ದೇನೋ ಇತ್ತು, ಇಲ್ಲ ಅನ್ನಲಾರೆ. ಆದರೆ ಅಕ್ಕ ಇದ್ದ ಹಾಗೆ ಇರಲು ಅವನು ಬಿಡಲಿಲ್ಲ.

ನಲ್ಲಿಯ ಕೆಳಗೆ ನಾನು ಅವಳ ಕೈಮೇಲಿನ ಸಿಮೆಂಟು ತೊಳೆದೆ. ಅಂದಿನಿಂದ ಅಕ್ಕ ಮೀಸೆ ತಿರುವಲಿಲ್ಲ. ‘ಅಪ್ಪ’ ಎನ್ನಲು ತನ್ನ ಮಣಿಕಟ್ಟಿಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಅಪ್ಪ ಸತ್ತ ದಿನ ಬಂದವರಿಗೆಲ್ಲ ಹಾಗೆಯೇ ಹೇಳಿದಳು. ಅದು ತನ್ನ ಹೆಸರೆಂದು ಅಪ್ಪನಿಗೆ ಕೊನೆವರೆಗೂ ತಿಳಿದಿರಲಿಲ್ಲ.

ಈಗ ಮೊಮ್ಮಕ್ಕಳಾದ ನೀವು ಫೋನಿನಲ್ಲಿ ದೊಡ್ಡಜ್ಜಿಯ, ಅದೇ ನನ್ನ ಅಕ್ಕನ, ಮುಖ ನೋಡುತ್ತಾ ಗಂಟೆಗಟ್ಟಲೆ ಸನ್ನೆಯಲ್ಲಿ ಹರಟುತ್ತೀರಿ. ನಿಮ್ಮಪ್ಪನೂ ಕಲಿತಿದ್ದಾನೆ. ಅವನನ್ನು ಕರೆಯಲು ನಗುನಗುತ್ತಾ ಮಣಿಕಟ್ಟಿಗೆ ಹೊಡೆದುಕೊಳ್ಳುತ್ತೀರಿ. ಅವನು ತಿರುಗಿ ‘ಏನು?’ ಎಂದು ಕೈಯಲ್ಲೇ ಕೇಳುತ್ತಾನೆ. ನನ್ನ ಅಪ್ಪ ಒಂದು ದಿನವೂ ಹಾಗೆ ಕೇಳಲಿಲ್ಲ. ನೀವು ಕಲಿತಿರುವುದು ಹೆಸರಲ್ಲ ಮಕ್ಕಳೇ, ಏಟು.